ಏನೂ ಆಗಲ್ಲ ಕಣೇ

ಗಂಡ ಎಂದರೆ ಹೀಗಿರಬೇಕು ಎಂದು ಮೊನ್ನೆಯವರೆಗೂ ಸಿಕ್ಕಸಿಕ್ಕವರ ಹತ್ತಿರ ಕೊಚ್ಚಿಕೊಳ್ಳುತ್ತಿದ್ದೆ. ಕಚೇರಿಯಲ್ಲಿ ತಲೆ ಹೋಗುವಷ್ಟು ಕೆಲಸವಿರಲಿ, ‘ಪುಟ್ಟಿಗೆ ಕೆಮ್ಮು’ ಎಂದು ಮೆಸೇಜು ಹಾಕಿದರೆ ಸಾಕು, ನನ್ನ ಪತಿಕುಲತಿಲಕರ ಉತ್ತರ ಕಣ್ಣು ಮಿಟುಕಿಸುವುದರೊಳಗೆ ಹಾಜರು: ‘ಏನೂ ಆಗಲ್ಲ ಕಣೇ. ನೀರು ಕುಡಿಸು. ನಾನಿದ್ದೀನಲ್ಲ.’ ಆ ಕೊನೆಯ ಮಾತನ್ನು ಹಿಡಿದುಕೊಂಡೇ ನಾನು ಬಾಣಂತನದಿಂದ ಈಚೆ ಬದುಕಿದ್ದು. (ಮಗು ಉಸಿರಾಡುತ್ತಿದೆಯೇ ಎಂದು ಮೂಗಿನ ಕೆಳಗೆ ಬೆರಳಿಟ್ಟು, ನಿದ್ದೆಯಲ್ಲಿದ್ದವಳನ್ನು ಎಬ್ಬಿಸಿ ಅಳಿಸುವ ತಾಯಿ ನಾನು.)

ಮೊನ್ನೆ ಪುಟ್ಟಿಯ ಮೈ ಕೆಂಡವಾಯಿತು. ಕಣ್ಣು ಮೇಲಕ್ಕೆ ಸಿಕ್ಕಿಸಿಕೊಂಡು ಕೈಕಾಲು ಅದುರಿಸತೊಡಗಿದಳು. ಅವರು ಫೋನಿಗೆ ಸಿಗಲಿಲ್ಲ. ಟ್ಯಾಕ್ಸಿಯಲ್ಲಿ ಕೂತು ಬರೆದೆ: ‘ಜ್ವರಕ್ಕೆ ಮಗು ಅದುರ್ತಿದೆ, ಆಸ್ಪತ್ರೆಗೆ ಹೊರಟಿದ್ದೀನಿ, ಬನ್ನಿ.’

‘ಏನೂ ಆಗಲ್ಲ ಕಣೇ. ನೀರು ಕುಡಿಸು. ನಾನಿದ್ದೀನಲ್ಲ.’

“ಮಗೂ ತಂದೆ ಎಲ್ಲಮ್ಮಾ?” ಎಂದಳು ನರ್ಸ್.

“ಇದ್ದಾರಂತೆ,” ಎಂದೆ.

ಪುಟ್ಟಿ ಕಣ್ಣು ಬಿಟ್ಟು ನನ್ನ ಬೆರಳು ಹಿಡಿದ ಮೇಲೆ ‘ಜ್ವರ ಇಳೀತು’ ಎಂದು ಬರೆದೆ. ಏನೂ ಆಗಲ್ಲವಂತೆ, ನೀರು ಕುಡಿಸಬೇಕಂತೆ. ಅನುಮಾನ ಬಂದು ‘ನಿಮ್ಮ ತಲೆಗೆ ಜ್ವರ’ ಎಂದು ಕಳಿಸಿದೆ. ಅದಕ್ಕೂ ನೀರೇ.

ಸಂಜೆ ಮನೆಗೆ ಬಂದು ವಿಷಯ ಕೇಳಿದಾಗ ಅವರ ಮುಖ ಬಿಳಿಚಿಕೊಂಡಿತು. ಪುಟ್ಟಿಯನ್ನು ಎದೆಗೊತ್ತಿಕೊಂಡು ಕೂತವರು ಕೊನೆಗೆ ಬಾಯಿಬಿಟ್ಟರು.

“ಅದೊಂದು ಚಿಕ್ಕ ಪ್ರೋಗ್ರಾಂ ಕಣೇ. ನಿನ್ನ ಮೆಸೇಜಲ್ಲಿ ಜ್ವರ, ಕೆಮ್ಮು, ವಾಂತಿ ಎಲ್ಲಿದ್ರೂ ಹುಡುಕಿ ಉತ್ತರ ಕಳಿಸತ್ತೆ. ಜ್ವರಕ್ಕೆ, ಜ್ವರದಿಂದ... ಹಿಂದೆ ಯಾವ ಬಾಲ ಇದ್ರೂ ಬಿಡಲ್ಲ.” (ಬಾಲದ ಮಾತು ಬಂದಾಗ ಆ ದುಃಖದಲ್ಲೂ ದನಿಯಲ್ಲಿ ಚೂರು ಹೆಮ್ಮೆ!)

“ನಾನೇನು ಬರ್ದಿದೀನಿ ಅಂತ ಓದಲ್ವಾ ಅದು?”

“ಅರ್ಥ ಅದಕ್ಕೆ ಬೇಕಿಲ್ಲ. ಅಕ್ಷರ ಹೊಂದಿದ್ರೆ ಸಾಕು.”

“ಥೇಟ್ ನಿಮ್ಮ ಹಾಗೇ! ಮೊದ್ಲು ಕಿತ್ತು ಬಿಸಾಕಿ ಅದನ್ನ.”

“ಬೆಳಗಿಂದ ಸಂಜೇತನಕ ಕಳಿಸ್ತೀಯಲ್ಲೇ, ನನ್ನ ಕೆಲಸ ಹೋಗತ್ತೆ...” ಎಂದು ಗೊಣಗಿ, ಕಿತ್ತರು.

ಮರುದಿನ ಪುಟ್ಟಿ ಒಮ್ಮೆ ಕೆಮ್ಮಿದಳು. ಬರೆದೆ. ಉತ್ತರವಿಲ್ಲ. ಮತ್ತೆ ಬರೆದೆ. ಮುಚ್ಚಿದ ಬಾಗಿಲು, ಫ್ರಿಜ್ಜಿನ ಗುಂಯ್‌ಗುಡುವಿಕೆ, ಪುಟ್ಟಿಯ ಉಸಿರು, ಅದನ್ನು ಕೇಳುತ್ತಾ ಕೂತ ನಾನು. ಮಧ್ಯಾಹ್ನ ಕಳೆದ ಮೇಲೆ ಅಸಲಿ ಗಂಡನ ಅಸಲಿ ಉತ್ತರ ಬಂತು: ‘ಮೀಟಿಂಗ್.’

ಸಂಜೆ ಅವರು ಶೂ ಬಿಚ್ಚುವ ಮೊದಲೇ ಹೇಳಿದೆ: “ರೀ, ಅದನ್ನ ವಾಪಸ್ ಹಾಕಿ.”

“ಯಾವುದನ್ನೇ?”

“ಅದೇ... ‘ನಾನಿದ್ದೀನಲ್ಲ’ ಅನ್ನೋದನ್ನ. ಆಸ್ಪತ್ರೆ ಅಂತ ಬರೆದ್ರೆ ಮಾತ್ರ ನೀವೇ ಬನ್ನಿ.”

ಅವರು ತಲೆ ತಗ್ಗಿಸಿ ಲ್ಯಾಪ್‌ಟಾಪ್ ತೆರೆದರು. ನಾನು ಪಕ್ಕದಲ್ಲಿ ನಿಂತೆ.

“ಆದ್ರೆ ಉತ್ತರ ತಕ್ಷಣ ಬರೋದು ಬೇಡ ಕಣ್ರೀ. ಒಂಚೂರು ತಡ ಮಾಡಿ ಬರ್ಲಿ. ಓದಿ, ಯೋಚನೆ ಮಾಡಿ ಬರೆದ ಹಾಗೆ.”