ಮನೆಬಸ್ಸಿನ ದೋಷಪಟ್ಟಿ

ಬೆಳಿಗ್ಗೆ ಮನೆಯವರು ಏಳುವ ಮೊದಲೇ ಅವಳು ದಿನಚರಿಯಲ್ಲಿ ಒಂದು ಸಾಲು ಬರೆದಳು: 'ಇವತ್ತು ಅಪ್ಪನ ಗಾಡಿ ಪಾಸಾಗದಿರಲಿ.' ಬರೆದದ್ದನ್ನು ಓದಿಕೊಂಡಳು. ಹೆತ್ತ ತಂದೆಯ ಮೂರು ವರ್ಷದ ಶ್ರಮ ಮಣ್ಣುಪಾಲಾಗಲಿ ಎಂದು ಹಾರೈಸುವ ಮಗಳು ಬೇರೆ ಯಾವ ಮನೆಯಲ್ಲೂ ಇರಲಾರಳು ಎಂದುಕೊಂಡು ಆ ಸಾಲನ್ನು ಹೊಡೆದುಹಾಕಿದಳು. ಆಮೇಲೆ ಅದರ ಕೆಳಗೆ ಅದನ್ನೇ ಇನ್ನೂ ಸಣ್ಣ ಅಕ್ಷರದಲ್ಲಿ ಬರೆದಳು.

ಅಪ್ಪ ಮರಗೆಲಸದವರು. ನಿವೃತ್ತರಾದ ವಾರದಲ್ಲೇ ಗುಜರಿಯಿಂದ ಉದ್ದನೆಯ ಹಳೆಯ ಬಸ್ಸೊಂದನ್ನು ಎಳೆಸಿ ತಂದು ಮನೆಮುಂದೆ ನಿಲ್ಲಿಸಿದ್ದರು. ಸೀಟುಗಳನ್ನು ಕಿತ್ತು, ಮಂಚ, ಒಲೆ, ಕಪಾಟು, ಬಚ್ಚಲು ಎಲ್ಲವನ್ನೂ ಕೂರಿಸಿದರು. ಕಾಗದದಲ್ಲಿ ಅದರ ಹೆಸರು ಮೋಟಾರ್‌ಹೋಮ್. ಬೀದಿಯವರ ಬಾಯಲ್ಲಿ ಮನೆಬಸ್ಸು. ಇವತ್ತು ತಪಾಸಣೆಯಲ್ಲಿ ಪಾಸಾಗಿ ನೋಂದಣಿಯಾದರೆ, ಭಾನುವಾರ ಅಪ್ಪ, ಅಮ್ಮ, ಅವಳು ಮೂವರೂ ಒಂದು ವರ್ಷದ ಪ್ರಯಾಣ ಹೊರಡುವುದು.

ಸೋಮವಾರ ಅವಳು ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಬೇಕಿತ್ತು. ಪುಸ್ತಕಗಳ ಪಟ್ಟಿ ಮಾಡುವ ಕೆಲಸ. ದಿನವಿಡೀ ಯಾರ ಜೊತೆಯೂ ಮಾತಾಡಬೇಕಿಲ್ಲ. ಅವಳಿಗೆಂದೇ ಯಾರೋ ಕೂತು ಯೋಚಿಸಿ ಮಾಡಿದಂತಿತ್ತು. ನೇಮಕದ ಪತ್ರ ಬಂದು ಹತ್ತು ದಿನವಾಗಿದ್ದರೂ ಅದು ದಿನಚರಿಗಲ್ಲದೆ ಇನ್ನಾರಿಗೂ ಗೊತ್ತಿರಲಿಲ್ಲ.

"ಬರ್ತೀಯಲ್ಲ ಪುಟ್ಟಿ?" ಎಂದು ಅಪ್ಪ ಕೇಳಿದ್ದುಂಟು. ಅವಳು ಹೌದು-ಅಲ್ಲಗಳ ನಡುವೆ ಎಲ್ಲೋ ಒಂದು ಕಡೆ ತಲೆ ಅಲ್ಲಾಡಿಸಿದ್ದಳು. ಅಪ್ಪ ಮರುದಿನವೇ ಅವಳ ಉದ್ದ ಅಳೆದು ಮಂಚಕ್ಕೆ ಹಲಗೆ ಕೊಯ್ದರು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವುದು ನಿಜವಾಗಿದ್ದರೆ ಅವಳು ಇಷ್ಟು ಹೊತ್ತಿಗೆ ಅರಮನೆ ಕಟ್ಟಿಸಬೇಕಿತ್ತು. ಸಿಕ್ಕಿದ್ದು ಬಸ್ಸಿನಲ್ಲಿ ಐದೂಕಾಲು ಅಡಿಯ ಮಂಚ.

ಬಾಯಿಂದ ಆಗದ್ದನ್ನು ಅವಳು ಲೇಖನಿಯಿಂದ ಮಾಡಿದ್ದಳು. ಅರ್ಜಿ ತುಂಬುವುದು ಓದಿದ ಮಗಳ ಪಾಲಿಗೆ ಬಂದಿತ್ತು. ಅದರ ಕೊನೆಯಲ್ಲಿ 'ತಿಳಿದಿರುವ ದೋಷಗಳು' ಎಂಬ ಕಲಮು; ಲೋಕವೆಲ್ಲ 'ಇಲ್ಲ' ಎಂದು ಬರೆದು ಕೈತೊಳೆದುಕೊಳ್ಳುವ ಜಾಗ. ಅವಳು ಮೂರು ದಿನ ಗಾಡಿಯೊಳಗೆಲ್ಲ ಓಡಾಡಿ, ಬೆಣ್ಣೆಯಿಂದ ಕೂದಲು ತೆಗೆದಂತೆ ಹದಿನೇಳು ದೋಷಗಳನ್ನು ತೆಗೆದು ಬರೆದಿದ್ದಳು.

ಹತ್ತು ಗಂಟೆಗೆ ಗಾಡಿ ತಪಾಸಣೆಯ ಅಂಗಳ ಮುಟ್ಟಿತು. ಜೊತೆಗೆ ಪಕ್ಕದ ಮನೆಯ ರೂಲ್ಸ್ ಮಾಮನೂ ಬಂದಿದ್ದರು. ಮೂವತ್ತು ವರ್ಷ ಯಾವುದೋ ಕಚೇರಿಯಲ್ಲಿ ಹೆಡ್ ಕ್ಲರ್ಕಾಗಿದ್ದವರು. ಈಗ ಬೀದಿಯೇ ಅವರ ಕಚೇರಿ.

"ನೀವು ಬಾಯಿ ಬಿಡಬೇಡಿ, ನಾನು ಮಾತಾಡ್ತೀನಿ," ಎಂದರು ಮಾಮ.

"ಇವಳಿಗೆ ಅದನ್ನ ಹೇಳಲೇಬೇಕಿಲ್ಲ ಬಿಡಿ," ಎಂದರು ಅಮ್ಮ, ಮಗಳ ಕಡೆ ನೋಡಿ.

ಮೊದಲು ತೂಕ. ಗಾಡಿ ವೇಬ್ರಿಡ್ಜ್ ಹತ್ತಿತು. ಮಿತಿಗಿಂತ ತೊಂಬತ್ತು ಕಿಲೋ ಜಾಸ್ತಿ. ಅವಳ ಎದೆ ಹಗುರಾಯಿತು. ಅಮ್ಮ ಪಾತ್ರೆ ಇಳಿಸಿದರು, ಅಪ್ಪ ಹಾಸಿಗೆ ಇಳಿಸಿದರು. ಮಾಮ ಕಿಟಕಿಯಿಂದ ಕೈ ತೋರಿಸುತ್ತ, "ಆ ಬಕೆಟ್ಟು ಇಳಿಸಿ, ಈ ಕುರ್ಚಿ ಇಳಿಸಿ," ಎಂದು ಆಜ್ಞೆ ಮಾಡುತ್ತಿದ್ದರು. ಅರ್ಧ ಗಂಟೆಯಲ್ಲಿ ಸಂಸಾರವೆಲ್ಲ ಅಂಗಳಕ್ಕೆ ಬಂತು. ಆದರೂ ನಲವತ್ತು ಕಿಲೋ ಜಾಸ್ತಿಯೇ.

ತೂಕದವನು ಗೂಡಿನಿಂದ ತಲೆ ಹೊರಹಾಕಿ ಕೇಳಿದ: "ಒಳಗೆ ಕೂತಿರೋ ಯಜಮಾನ್ರು ಗಾಡಿಗೆ ಫಿಟ್ ಮಾಡಿರೋದಾ, ಇಲ್ಲ ಇಳೀತಾರಾ?"

ಮಾಮ ಇಳಿದರು. ತೂಕ ಸರಿಹೋಯಿತು. ಅವಳ ಎದೆ ಮತ್ತೆ ಭಾರವಾಯಿತು.

ಇನ್ಸ್‌ಪೆಕ್ಟರ್ ಟಾರ್ಚು ಹಿಡಿದು ಬಂದರು. ಯಾರದೋ ಸಾವಿನ ಸುದ್ದಿ ಹೇಳಲು ಬಂದವರಂಥ ಮುಖ. ಬ್ರೇಕು, ಸ್ಟೀರಿಂಗು, ದೀಪ ನೋಡಿ ತಲೆಯಾಡಿಸಿದರು. ಆಮೇಲೆ ಅರ್ಜಿಯ ಕೊನೆಯ ಪುಟ ತಿರುಗಿಸಿ, ನಿಂತಲ್ಲೇ ನಿಂತರು.

"ಇದನ್ನ ಯಾರು ಬರೆದದ್ದು?"

ಅವಳು ಕೈ ಎತ್ತಿದಳು. ಅಪ್ಪ ಬಗ್ಗಿ ಇಣುಕಿ ನೋಡಿದರು. ಹದಿನೇಳು ಸಾಲು ಕಂಡು ಅವರ ಮುಖ ಉಜ್ಜುಗೊರಡು ಹೊಡೆದ ಹಲಗೆಯಂತೆ ಸಪಾಟಾಯಿತು.

"ಏನು ಪುಟ್ಟಿ ಇದು?"

ಮಾಮ ಹಣೆ ಚಚ್ಚಿಕೊಂಡರು. "ಮನೆ ಗುಟ್ಟನ್ನ ಫಾರಮ್ಮಲ್ಲಿ ಬರೀತಾರೇನಮ್ಮಾ ಯಾರಾದರೂ?"

ಇನ್ಸ್‌ಪೆಕ್ಟರ್ ಒಂದೊಂದನ್ನೇ ಓದಿ ಪರೀಕ್ಷಿಸತೊಡಗಿದರು. "ನಾಲ್ಕು. ಬಚ್ಚಲ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಇದು ಗಾಡಿ ನಿಂತಾಗ ಮಾತ್ರನಾ, ಓಡುವಾಗಲೂ ಇರುತ್ತಾ?" ನಿಂತಾಗ ಮಾತ್ರವಾದರೆ ಒಂದು ಬೆರಳು, ಎರಡೂ ಹೊತ್ತಾದರೆ ಎರಡು, ಅವಳು ಬೆರಳಲ್ಲೇ ಉತ್ತರ ಕೊಟ್ಟಳು. "ಒಂಬತ್ತು. ಹಾರ್ನ್ ಒತ್ತಿದರೆ ಅಡುಗೆಮನೆ ದೀಪ ಆರುತ್ತದೆ." ಅಪ್ಪ ಒತ್ತಿದರು, ಆರಿತು. ಹದಿನೇಳಕ್ಕೂ ಅದೇ ಪ್ರಶ್ನೆ, ಹದಿನೇಳಕ್ಕೂ ಬೆರಳು.

ಅಪ್ಪ ಅಂಗಳದಲ್ಲಿದ್ದ ಹಾಸಿಗೆಯ ಮೇಲೆ ಹೋಗಿ ಕೂತರು. ಅವರ ಬಾಗಿದ ಬೆನ್ನು ನೋಡಿ ಅವಳಿಗೆ, ಗೆದ್ದೆ ಎಂದುಕೊಳ್ಳಲು ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ ಎನಿಸಿತು.

"ಇಪ್ಪತ್ತಾರು ವರ್ಷದ ಸರ್ವೀಸು ನನ್ನದು," ಎಂದರು ಇನ್ಸ್‌ಪೆಕ್ಟರ್, ಟಾರ್ಚು ಆರಿಸಿ. "ಎಲ್ಲರೂ 'ಇಲ್ಲ' ಅಂತ ಬರೀತಾರೆ, ನಾನು ಕಂಡುಹಿಡೀತೀನಿ, ಫೇಲ್ ಮಾಡ್ತೀನಿ. ನಮ್ಮಲ್ಲಿ ಬಚ್ಚಿಟ್ಟಿದ್ದು ದೋಷ, ಬರೆದಿದ್ದು ಮಾಹಿತಿ. ಇಲ್ಲಿ ಒಂದೂ ಬಚ್ಚಿಟ್ಟಿಲ್ಲ. ಗಾಡಿ ಪಾಸು."

ಅಪ್ಪ ಎದ್ದರು. ಅಮ್ಮ ಕೈಯಲ್ಲಿದ್ದ ಪಾತ್ರೆಯನ್ನು ಎದೆಗೆ ಒತ್ತಿಕೊಂಡರು. "ನಾನೇ ಹೇಳಿಕೊಟ್ಟದ್ದು," ಎಂದರು ಮಾಮ ತೂಕದವನಿಗೆ.

"ಇಲ್ಲೊಂದು ಸಹಿ ಹಾಕಮ್ಮಾ," ಎಂದು ಇನ್ಸ್‌ಪೆಕ್ಟರ್ ಕಾಗದ ಚಾಚಿದರು. ಏತಕ್ಕೆ ಎಂದು ಕೇಳಬೇಕಾದರೆ ಬಾಯಿ ತೆರೆಯಬೇಕಲ್ಲ. ಅವಳು ಸಹಿ ಹಾಕಿಬಿಟ್ಟಳು.

"ಇಷ್ಟು ದೋಷ ಇರೋ ಗಾಡಿ ರಸ್ತೆಗೆ ಇಳಿದರೆ, ಅದನ್ನ ಬಲ್ಲವರು ಒಳಗೆ ಇರಲೇಬೇಕು," ಎಂದು ಅವರು ಮುಂದುವರಿಸಿದರು. "ಇವರನ್ನ ಉಸ್ತುವಾರಿ ಅಂತ ನಮೂದಿಸಿದ್ದೀನಿ. ಇವರಿಲ್ಲದೆ ಗಾಡಿ ನಿಮ್ಮ ಬೀದಿ ದಾಟೋ ಹಾಗಿಲ್ಲ."

"ಇವಳನ್ನ ಬಿಟ್ಟು ನಾವೆಲ್ಲಿ ಹೋಗ್ತೀವಿ ಸರ್," ಎಂದರು ಅಪ್ಪ. ಅವರ ಧ್ವನಿ ಒದ್ದೆಯಾಗಿತ್ತು. "ನನ್ನ ಗಾಡಿ ಉಳಿಸಿಕೊಟ್ಟವಳೇ ಇವಳು."

ಇನ್ಸ್‌ಪೆಕ್ಟರ್ ಮೊಹರು ಎತ್ತಿದರು. ಅವಳು ಬಾಯಿ ತೆರೆದಳು. ಹತ್ತು ದಿನದಿಂದ ಒಳಗೇ ಮುದುಡಿ ಕೂತಿದ್ದ ಮಾತು ಹೊರಬಂತು.

"ಅಪ್ಪ, ಸೋಮವಾರ ನನಗೆ ಲೈಬ್ರರೀಲಿ ಕೆಲಸ ಇದೆ. ನನಗೆ ಈ ಪ್ರಯಾಣ ಇಷ್ಟ ಇಲ್ಲ."

ಅಪ್ಪ ಕಿವಿಯ ಮೇಲಿನ ಪೆನ್ಸಿಲು ತೆಗೆದು ಅದರ ಮೊನೆ ನೋಡಿ ಮತ್ತೆ ಅಲ್ಲೇ ಸಿಕ್ಕಿಸಿಕೊಂಡರು.

ಇನ್ಸ್‌ಪೆಕ್ಟರ್ ಮೊಹರು ಕೆಳಗಿಟ್ಟು, ಪಟ್ಟಿಯ ಪುಟ ತೆರೆದು, ಪೆನ್ನಿನ ಮುಚ್ಚಳ ಬಿಚ್ಚಿದರು. "ಹದಿನೆಂಟು," ಎಂದು ಹೇಳಿಕೊಳ್ಳುತ್ತ ಬರೆದರು. "ಉಸ್ತುವಾರಿಗೆ ಪ್ರಯಾಣ ಇಷ್ಟವಿಲ್ಲ. ಸರಿ, ಬರೆದಾಯ್ತು, ಇದೂ ಮಾಹಿತಿಯಾಯ್ತು." ಮೊಹರು ಬಿತ್ತು. ಆಮೇಲೆ ತಲೆ ಎತ್ತದೆ ಕೇಳಿದರು: "ಇದು ಗಾಡಿ ನಿಂತಾಗ ಮಾತ್ರನಾ, ಓಡುವಾಗಲೂ ಇರುತ್ತಾ?"

ಅವಳ ಎರಡು ಬೆರಳು ಅರ್ಧ ಮೇಲೆದ್ದಿದ್ದವು. ಅವುಗಳನ್ನು ಮಡಿಚಿಕೊಂಡು, ತೂಕದ ಗೂಡಿನವರೆಗೂ ಕೇಳಿಸುವಂತೆ ಅವಳು ಹೇಳಿದಳು:

"ಎರಡೂ ಹೊತ್ತು, ಸರ್."