ಬಾಡಿಗೆ ಸರ್ವರ್, ಸ್ವಂತ ಹೆದರಿಕೆ

ಕಂಪ್ಯೂಟರ್ ಕೆಲಸಕ್ಕೆಂದು ಹೊರಟ ನಾನು ಕೊನೆಗೆ ಎದೆಬಡಿತ ಇಳಿಸುವ ಕೆಲಸ ಮಾಡಿ ಮನೆಗೆ ಬರುವುದು ಇವತ್ತಿಗೂ ತಪ್ಪಿಲ್ಲ.

ಕುಂದಾಪುರದಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ಅಂಗಡಿ. ಎರಡು ಸಾವಿರದ ಹತ್ತರ ಆಚೆ, ಸಣ್ಣ ವ್ಯಾಪಾರಿಗಳ ಲೆಕ್ಕವನ್ನು ಕ್ಲೌಡಿಗೆ, ಅಂದರೆ ಎಲ್ಲಿಂದಲೂ ತೆರೆಯಬಹುದಾದ ದೂರದ ಸರ್ವರಿಗೆ, ಹಾಕಿಸಲು ಶುರುಮಾಡಿದೆ. ಒಬ್ಬೊಬ್ಬರೇ ಸರ್ವರ್ ಕೊಳ್ಳುವುದೆಂದರೆ ಅಂಗಡಿಯನ್ನೇ ಮಾರಬೇಕು. ಹಾಗಾಗಿ ಕೆಲವರನ್ನು ಒಟ್ಟುಮಾಡಿ, ಮುಂಬೈಯ ಕಂಪನಿಯೊಂದರ ಸರ್ವರಿನಲ್ಲಿ ಜಾಗ ಬಾಡಿಗೆಗೆ ಹಿಡಿದು ಎಲ್ಲರಿಗೂ ಹಂಚಿದೆ. ಬಾಡಿಗೆ ಪಾಲಾಯಿತು, ಹೆದರಿಕೆ ಪಾಲಾಗಲಿಲ್ಲ. ಪ್ರತಿಯೊಬ್ಬರೂ ಪೂರ್ತಿಯಾಗಿಯೇ ಹೆದರಿದರು. ಒಬ್ಬರು ಬಿಟ್ಟರೂ ಉಳಿದವರಿಗೆ ಬಾಡಿಗೆ ಏರುತ್ತದೆ, ಏರಿದರೆ ಎಲ್ಲರೂ ಬಿಡುತ್ತಾರೆ ಎಂದು ನಾನೂ ನಡುಗುತ್ತಿದ್ದೆ.

ಎದುರಿನ ಅಂಗಡಿ

ಬ್ರಹ್ಮಾವರದ ಹಾರ್ಡ್‌ವೇರ್ ಅಂಗಡಿಯವರಿಗೆ, ರಸ್ತೆಯಾಚೆಯ ಹಾರ್ಡ್‌ವೇರ್ ಅಂಗಡಿಯವನೂ ಅದೇ ಸರ್ವರಿನಲ್ಲಿದ್ದಾನೆಂದು ಹೇಗೋ ಗೊತ್ತಾಯಿತು. ಕೂಡಲೇ ನನಗೆ ಫೋನ್ ಮಾಡಿದರು.

"ಹ್ವಾಯ್, ನಮ್ ಲೆಕ್ಕ ಅವ್ನಿಗೆ ಕಾಂತಾ? ನಾ ಯಾವ್ ರೇಟಿಗೆ ಕಬ್ಣ ತರ್ಸ್ತೆ ಅಂದ್ ಗೊತ್ತಾರೆ ನನ್ ಕತಿ ಮುಗೀತ್!"

ಹೋಗಿ ಕೂತು ವಿವರಿಸಿದೆ. ಒಂದೇ ಕಟ್ಟಡ, ಆದರೆ ಬೇರೆ ಬೇರೆ ಕೋಣೆ. ಬೇರೆ ಬೇರೆ ಬೀಗ. ನಿಮ್ಮದು ಅವರಿಗೆ ಯಾವ ಕಾಲಕ್ಕೂ ಕಾಣುವುದಿಲ್ಲ. ಅವರು ಬೆವರು ಒರೆಸಿಕೊಂಡು ಎರಡೆರಡು ಸಲ ಕೇಳಿ ಖಾತ್ರಿಮಾಡಿಕೊಂಡರು. ಚಹಾ ತರಿಸಿದರು. ಆಮೇಲೆ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದು, ದನಿ ತಗ್ಗಿಸಿದರು.

"ಅದ್ ಸಮ. ಅವಂದ್ ನಂಗೆ ಒಂಚೂರ್ ಕಾಂಬುಕೆ ಆತ್ತಾ?"

ಬಂದೂಕಿನ ಕಾವಲು

ನಾವುಂದದಲ್ಲಿ ಬಲೆ, ಹಗ್ಗ, ದೋಣಿಯ ಸಾಮಾನು ಮಾರುವ ಅಕ್ಕ ಒಬ್ಬರಿದ್ದರು. ಕಣ್ಣಲ್ಲಿ ಕಾಣದ್ದನ್ನು ನಂಬುವವರಲ್ಲ. ಸರ್ವರ್ ಇರುವ ಕಟ್ಟಡದ ವಿಳಾಸ ಕೇಳಿದರು, ಕೊಟ್ಟೆ. ಮುಂಬೈಯಲ್ಲಿ ಹೋಟೆಲು ನಡೆಸುತ್ತಿದ್ದ ತಮ್ಮನನ್ನು ಆ ಕಟ್ಟಡ ನೋಡಿಬರಲು ಅಟ್ಟುತ್ತಾರೆಂದು ನನಗೇನು ಗೊತ್ತು?

ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಫೋನ್ ಬಂತು. ಅಕ್ಕ ಅಳುತ್ತಿದ್ದರು.

"ಎಂತ ಮಾಡಿ ಹಾಕಿದ್ರಿ ಮಾರಾಯ್ರೆ! ತಮ್ಮ ಹೋದ್ರೆ ಬಾಗ್ಲಲ್ಲೇ ತಡ್ದ್ರಂಬ್ರ್. ಬಂದೂಕ್ ಹಿಡ್ಕಂಡ್ ನಿಂತಿರಂಬ್ರ್. ನಮ್ ಲೆಕ್ಕ ಸರ್ಕಾರ ಜಪ್ತಿ ಮಾಡ್ತ್!"

ಅರ್ಧ ಊಟಕ್ಕೇ ಎದ್ದೆ. ಕಂಪನಿಗೆ ಫೋನ್ ಹಚ್ಚಿದರೆ, ಅದು ಅವರ ಸೆಕ್ಯೂರಿಟಿಯವನು. ದಿನಾ ಹಾಗೇ ನಿಲ್ಲುವವನು. ಅಕ್ಕನಿಗೆ ಹೇಳಿದೆ. ಅವರು ಅಳು ನಿಲ್ಲಿಸಿ, "ನಮ್ ಬಲೆ ಲೆಕ್ಕ ಕಾಯುಕೆ ಬಂದೂಕಿನವ್ನಾ!" ಎಂದರು. ದನಿಯಲ್ಲಿ ಗತ್ತು ಬಂದಿತ್ತು.

ಬಂದ ಗಿರಾಕಿಗಳಿಗೆಲ್ಲ ಇದನ್ನೇ ಹೇಳಿರಬೇಕು. ವಾರ ಕಳೆಯುವುದರೊಳಗೆ ಅವರ ಪಕ್ಕದ ಅಂಗಡಿಯ ಮೀನಿನ ಏಜೆಂಟರು ನನ್ನ ಅಂಗಡಿಗೆ ಬಂದರು.

"ನಂಗೂ ಒಂದ್ ಬಂದೂಕಿನ ಜನ ಬೇಕಿತ್ತಲೆ. ಕಂಪ್ಯೂಟರ್ ಎಲ್ಲ ಬ್ಯಾಡ."

ಒಳಗೆ ಹೊಕ್ಕವರು

ನಾನು ನಿಜಕ್ಕೂ ಹೆದರಿದ್ದು ಬೈಂದೂರಿನಲ್ಲಿ. ಅಲ್ಲಿನ ದಿನಸಿ ಅಂಗಡಿಯ ಯಜಮಾನರು ಬೆಳಿಗ್ಗೆ ಬಾಗಿಲು ತೆಗೆದವರೇ ಫೋನ್ ಮಾಡಿದರು.

"ಬೇಗ ಬನಿ! ಯಾರೋ ನಮ್ ಲೆಕ್ಕದೊಳ್ಗ್ ಹೊಕ್ಕಿರ್!"

ಬೈಕು ಹತ್ತಿದೆ. ಇಂಥ ಸುದ್ದಿ ಹೊರಗೆ ಬಿದ್ದರೆ ಒಬ್ಬ ಗಿರಾಕಿಯೂ ನನಗೆ ಉಳಿಯುವುದಿಲ್ಲ ಎಂದುಕೊಳ್ಳುತ್ತಲೇ ಬೈಂದೂರು ಮುಟ್ಟಿದೆ. ಯಜಮಾನರು ಶಟರ್ ಅರ್ಧ ಎಳೆದು, ಕಂಪ್ಯೂಟರಿಗೆ ಮಾರುದೂರದಲ್ಲಿ ನಿಂತಿದ್ದರು.

"ಕಾಣಿ, ಕಾಣಿ!"

ನೋಡಿದೆ. ಸಾಮಾನುಗಳ ಪಟ್ಟಿಯಲ್ಲಿ 'ತೊಗರಿಬೆಳೆ' ಎಂದಿದ್ದದ್ದು ನನ್ನ ಕಣ್ಣೆದುರೇ 'ತೊಗರಿಬೇಳೆ' ಆಯಿತು. ತುಸು ಹೊತ್ತಿಗೆ 'ಕೊತಂಬರಿ' ಹೋಗಿ 'ಕೊತ್ತಂಬರಿ' ಬಂತು. ಒಂದು ರೇಟೂ ಅಲುಗಿಲ್ಲ, ಒಂದು ಲೆಕ್ಕವೂ ಅಳಿಸಿಲ್ಲ. ಕಾಗುಣಿತ ತಿದ್ದುವ ಕಳ್ಳನ ಸುದ್ದಿ ನಾನು ಕೇಳಿರಲೇ ಇಲ್ಲ. ಅದಕ್ಕೇ ಇನ್ನಷ್ಟು ಹೆದರಿಕೆಯಾಯಿತು.

ಆಗ ಯಜಮಾನರ ಮೊಬೈಲ್ ಹೊಡೆದುಕೊಂಡಿತು. ಅವರ ಹೆಂಡತಿ, ರಿಟೈರಾದ ಕನ್ನಡ ಟೀಚರ್. ಸ್ವರ ನನಗೂ ಕೇಳುವಷ್ಟು ದೊಡ್ಡದು.

"ಹ್ವಾಯ್, ಈ 'ಜೋ.ಬೆ.' ಅಂದ್ರೆ ಎಂತ? ಜೋನಿ ಬೆಲ್ಲವಾ?"

ಯಜಮಾನರು ಅಕ್ಕಿ ಮೂಟೆಯ ಮೇಲೆ ಕುಸಿದು ಕೂತರು. ಫೋನ್ ನಾನು ತೆಗೆದುಕೊಂಡೆ. "ಟೀಚರೇ, ನಿಮಗೆ ಪಾಸ್‌ವರ್ಡ್ ಯಾರು ಕೊಟ್ಟದ್ದು?"

"ಕೊಡುದೆಂತ? ನನ್ ಹೆಸ್ರ್ ಇಟ್ಟಿರಾ, ಬೇರೆ ಯಾರ್ದಾರೂ ಇಟ್ಟಿರಾ ಅಂದ್ ಕಾಂಬ ಅಂತೇಳಿ ಮಗಳ ಲ್ಯಾಪ್‌ಟಾಪಲ್ಲಿ ನಂದೇ ಹೊಡ್ದೆ. ತೆಗೀತ್! ಒಳ್ಗ್ ಕಂಡ್ರೆ ಬರೀ ತಪ್ಪ್. ನಾ ಇಷ್ಟ್ ವರ್ಷ ಕಲ್ಸಿದ್ ಮಕ್ಳ್ ಕಂಡ್ರೆ ಎಂತ ಹೇಳುವ್?"

ಫೋನ್ ಇಟ್ಟು ಯಜಮಾನರಿಗೆ ಖಡಾಖಂಡಿತವಾಗಿ ಹೇಳಿದೆ: "ಹೆಂಡತಿ ಹೆಸರೆಲ್ಲ ಇಡಬಾರದು. ಯಾರು ಬೇಕಾದರೂ ಊಹಿಸುತ್ತಾರೆ. ಈಗಲೇ ಬದಲಾಯಿಸುವ."

ಅವರು ಮೂಟೆಯಿಂದ ಹಾರಿ ಬಂದು ಎರಡೂ ಕೈಗಳನ್ನು ಕೀಬೋರ್ಡಿನ ಮೇಲೆ ಅಡ್ಡ ಹಿಡಿದರು.

"ಬ್ಯಾಡ ಮಾರಾಯ್ರೆ, ಕೈ ಮುಗಿತೆ! ಕಳ್ಳ ಹೊಕ್ರೆ ಅಂಗ್ಡಿ ಒಂದೇ ಹೋತ್. ನಾಳೆ ಅವ್ಳ್ ಹೆಸ್ರ್ ಹೊಡ್ದ್ ಇದ್ ತೆಗೀಲಿಲ್ಲ ಅಂದ್ರೆ, ರಾತ್ರಿ ನಂಗೆ ಮನಿ ಬಾಗ್ಲ್ ತೆಗುದ್ ಯಾರ್?"