ನೋವು ಒಂದು ಕಡೆ, ವಾಂತಿ ಇನ್ನೊಂದು ಕಡೆ

ಮುಂಬಯಿ ಹತ್ತಿರದ ಕಲ್ಯಾಣದ ಒಂದು ಸಣ್ಣ ನರ್ಸಿಂಗ್ ಹೋಮಿನ ಕ್ಯಾಜುವಲ್ಟಿಯಲ್ಲಿ ನಾನು ಸಿಸ್ಟರ್ ಆಗಿ ಇಪ್ಪತ್ತಾರು ವರ್ಷ ಆಯ್ತು. ನೋವು ಮಿತಿ ಮೀರಿದರೆ ಮೈ ನಮ್ಮ ಮಾತು ಕೇಳುವುದಿಲ್ಲ. ಪೆಟ್ಟು ಕಾಲಿಗೆ ಬಿದ್ದಿರುತ್ತದೆ, ವಾಂತಿ ಬರುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ, ಕಣ್ಣು ಕತ್ತಲಿಡುತ್ತದೆ. ಬಂದವರಿಗೆ ಇದು ಗೊತ್ತಿರುವುದಿಲ್ಲ, ಹಾಗಾಗಿ ವಾರಕ್ಕೊಂದಾದರೂ ಫಜೀತಿ ನಡೆಯುತ್ತಲೇ ಇರುತ್ತದೆ. ಆಗುವಾಗ ನಮಗೂ ಎದೆ ಡವಡವ. ನಗು ಬರುವುದು ಡ್ಯೂಟಿ ಮುಗಿಸಿ ಲೋಕಲ್ ಟ್ರೇನಿನಲ್ಲಿ ಸೀಟು ಸಿಕ್ಕ ಮೇಲೆ.

ಇಡ್ಲಿಯ ಮೇಲೆ ಸಂಶಯ

ಒಂದು ಬೆಳಿಗ್ಗೆ ಕುಂದಾಪುರ ಕಡೆಯ ಹೋಟೆಲ್ ಯಜಮಾನರೊಬ್ಬರು ತಮ್ಮ ಅಡುಗೆ ಭಟ್ಟರನ್ನು ರಿಕ್ಷಾದಲ್ಲಿ ಹಾಕಿಕೊಂಡು ಬಂದರು. ಭಟ್ಟರು ಎರಡಾಗಿ ಮಡಚಿಕೊಂಡಿದ್ದರು. ಮುಖ ಬೂದಿ, ಅಂಗಿ ಹಿಂಡಿದರೆ ನೀರು. ಒಳಗೆ ಬಂದವರೇ ಎರಡು ಸಲ ವಾಂತಿ ಮಾಡಿದರು.

ಯಜಮಾನರು ನನ್ನ ಕಿವಿಯ ಹತ್ತಿರ ಬಂದರು. "ಸಿಸ್ಟರೇ, ಫುಡ್ ಪಾಯ್ಸನ್ ಅಂತ ಮಾತ್ರ ಬರೀಬೇಡಿ. ಬೆಳಿಗ್ಗೆಯಿಂದ ನಮ್ಮಲ್ಲಿ ಇನ್ನೂರು ಜನ ಇಡ್ಲಿ ತಿಂದಿದ್ದಾರೆ."

ಮೊಬೈಲ್ ರಿಂಗ್ ಆದಾಗಲೆಲ್ಲ ಎಲ್ಲೋ ಒಬ್ಬ ಗಿರಾಕಿ ಬಿದ್ದ ಎಂದೇ ಬೆಚ್ಚುತ್ತಿದ್ದರು. ಡಾಕ್ಟರು ಭಟ್ಟರ ಬೆನ್ನಿನ ಪಕ್ಕಕ್ಕೆ ಮೆಲ್ಲಗೆ ತಟ್ಟಿದ್ದೇ ತಡ, ಭಟ್ಟರು ಕಿರುಚಿದ್ದು ರಸ್ತೆಗೆ ಕೇಳಿಸಿತು. ಕಿಡ್ನಿಯಲ್ಲಿ ಕಲ್ಲು.

"ವಾಂತಿ?" ಯಜಮಾನರು ಕೇಳಿದರು.

"ಇಷ್ಟು ನೋವು ಬಂದ್ರೆ ಹೊಟ್ಟೆಯೂ ತಿರುಗ್ತದೆ," ಎಂದರು ಡಾಕ್ಟರು.

"ಹಾಗಾದ್ರೆ ಇಡ್ಲಿಯಿಂದ ಅಲ್ಲ?"

ಅಷ್ಟರಲ್ಲಿ ಇಂಜೆಕ್ಷನ್ ಕೆಲಸ ಮಾಡಿ ಭಟ್ಟರು ಕಣ್ಣು ಬಿಟ್ಟಿದ್ದರು. "ಖಂಡಿತ ಅಲ್ಲ ಧಣಿ. ನಾನು ನಮ್ಮ ಹೋಟೆಲಿನ ಇಡ್ಲಿ ತಿನ್ನುವುದಿಲ್ಲ. ಮನೆಯಿಂದ ಡಬ್ಬಿ ತರ್ತೇನೆ."

ಯಜಮಾನರು ದೇವರಿಗೆ ಕೈಮುಗಿದು, ಹಗುರಾಗಿ ಬಾಗಿಲ ತನಕ ಹೋದರು. ಅಲ್ಲಿ ಗಕ್ಕನೆ ನಿಂತು ತಿರುಗಿದರು. "ಯಾಕೆ ತಿನ್ನುವುದಿಲ್ಲ?"

ಬಕೆಟ್ ಡಾಕ್ಟರ್

ಶಹಾಡ್‌ನ ಕಾರ್ಖಾನೆಯ ಫಿಟ್ಟರ್ ಒಬ್ಬ. ವಿಜಾಪುರದ ಕಡೆಯವನು, ಬಾಗಿಲಷ್ಟು ಅಗಲದ ಆಳು. ಲೋಕಲ್‌ನಿಂದ ಇಳಿಯುವಾಗ ಕೈ ಮೇಲಿನ ಹಿಡಿಯಲ್ಲೇ ಉಳಿದು, ಜನ ಮೈಯನ್ನು ಹೊರಗೆ ನೂಕಿದ್ದರು. ಭುಜದ ಕೀಲು ಜಾರಿತ್ತು. ಒಂದು ಕೈಯಿಂದ ಇನ್ನೊಂದು ಕೈ ಹಿಡಿದುಕೊಂಡು, ಹಲ್ಲು ಕಚ್ಚಿ ನಡೆದೇ ಬಂದಿದ್ದ.

ಮಂಚದ ಮೇಲೆ ಬೋರಲು ಮಲಗಿಸಿದೆವು. ಅಷ್ಟಕ್ಕೇ ಅವನ ತುಟಿ ಬಿಳಿಚಿತು, ನಾಡಿ ನಿಧಾನವಾಯಿತು. ನನಗೆ ನಿಜವಾಗಿ ಹೆದರಿಕೆಯಾಯಿತು. ಡಾಕ್ಟರು ಗ್ಲೌಸ್ ಹಾಕುತ್ತ, "ಕೀಲನ್ನು ಎಳೆದು ಕೂರಿಸ್ಬೇಕು. ಇಬ್ಬರು ಗಟ್ಟಿಯಾಗಿ ಹಿಡ್ಕೊಳ್ಳಿ," ಎಂದರು. ಆ ಮೈಯನ್ನು ಹಿಡಿಯಲು ಇಬ್ಬರಲ್ಲ, ನಾಲ್ವರು ಬೇಕಿತ್ತು.

"ಅಕ್ಕಾರ, ವಾಂತಿ ಬರಾಕತ್ತೈತ್ರಿ..."

ನಾನು ಬಕೆಟ್ ತಳ್ಳಿದೆ. ಅವನು ಮಂಚದ ಅಂಚಿಗೆ ಸರಿದು ತಲೆ ಬಗ್ಗಿಸಿದ. ಪೆಟ್ಟಾದ ಕೈ ಪಕ್ಕದಲ್ಲಿ ಜೋತುಬಿತ್ತು. ಇನ್ನೇನು ವಾಂತಿ ಅನ್ನುವಾಗ 'ಟಕ್' ಎಂದಿತು.

ಫಿಟ್ಟರ್ ಮೆಲ್ಲಗೆ ತಲೆ ಎತ್ತಿ ಭುಜ ನೋಡಿಕೊಂಡ. "ಅಕ್ಕಾರ, ಕೂತೈತ್ರಿ!"

ಡಾಕ್ಟರು ಮುಟ್ಟಿ ನೋಡಿದರು. ಕೀಲು ಸ್ವಸ್ಥಾನದಲ್ಲಿತ್ತು. ಅವರು ಗ್ಲೌಸ್ ಕಳಚಿ ಹೇಳಿದರು: "ಸಿಸ್ಟರ್, ಆ ಬಕೆಟನ್ನು ಓಪಿಡಿಯಲ್ಲಿ ಕೂರಿಸಿ. ನಾನು ಊಟಕ್ಕೆ ಹೋಗಿ ಬರ್ತೇನೆ."

ಶುಭ ಸಮಾಚಾರ

ಮೂರನೆಯದು ನನ್ನದೇ. ಆಗ ನನಗೆ ಐವತ್ತೆರಡು.

ರಜೆಯ ದಿನ ಮಧ್ಯಾಹ್ನ, ಡೊಂಬಿವಲಿಯ ನಮ್ಮ ಹಳೆಯ ಬಿಲ್ಡಿಂಗಿನ ಲಿಫ್ಟಿನ ಜಾಲರಿ ಬಾಗಿಲಿಗೆ ನನ್ನ ಕಿರುಬೆರಳು ಸಿಕ್ಕಿತು. ಕೂಗಲೂ ಆಗಲಿಲ್ಲ. ಬೆರಳನ್ನು ಸೆರಗಿನಲ್ಲಿ ಸುತ್ತಿ ಹೇಗೋ ಮನೆಯ ಬಾಗಿಲಿಗೆ ಬಂದೆ. ಅಲ್ಲೇ ವಾಂತಿಯಾಯಿತು. ಕಿವಿಯಲ್ಲಿ ಗುಂಯ್ ಎಂದಿತು, ನೆಲ ಮೇಲೆ ಬಂತು.

ಎಚ್ಚರ ಬಂದಾಗ ಸೋಫಾದ ಮೇಲಿದ್ದೆ. ನಾಲಗೆ ಹೊರಳುತ್ತಿರಲಿಲ್ಲ, ಆದರೆ ಮಾತು ಕೇಳಿಸುತ್ತಿತ್ತು. ಎದುರು ಫ್ಲ್ಯಾಟಿನ ಮರಾಠಿ ಹೆಂಗಸು, ನಾವೆಲ್ಲ ಕಾಕು ಎನ್ನುವವರು, ನನ್ನ ಅತ್ತೆಯನ್ನು ಕೇಳುತ್ತಿದ್ದರು, "ಕಿತವಾ ಮಹಿನಾ?" ಎಷ್ಟನೇ ತಿಂಗಳು!

ಅತ್ತೆ ಒಳಗೆ ಹೋಗಿ ಮಗನಿಗೆ ಫೋನು ಮಾಡಿದರು. "ಬೇಗ ಬಾ. ನಿನ್ನ ಹೆಂಡತಿಗೆ ವಾಂತಿ, ತಲೆಸುತ್ತು. ಈ ಪ್ರಾಯದಲ್ಲಿ ನಾನು ಹೆಚ್ಚು ಹೇಳುವುದಿಲ್ಲ." ಕಾಲೇಜಿಗೆ ಹೋಗುವ ನನ್ನ ಮಗ ಬಾಲ್ಕನಿಯಿಂದ ಒಳಗೇ ಬರಲಿಲ್ಲ.

ಗಂಡ ಠಾಣೆಯ ಆಫೀಸಿನಿಂದ ಓಡಿ ಬಂದರು. ಆ ಹೊತ್ತಿಗೆ ನಾನು ಎದ್ದು ಕೂತಿದ್ದೆ. ಅವರ ಮುಖ ನನ್ನದಕ್ಕಿಂತ ಬಿಳಿಯಾಗಿತ್ತು. ಪಕ್ಕದಲ್ಲಿ ಕೂತು, ಕಾಕುಗೆ ಕೇಳದ ಹಾಗೆ ಪಿಸುಗುಟ್ಟಿದರು: "ಟ್ರೇನಿನಲ್ಲಿ ಲೆಕ್ಕ ಹಾಕಿದೆ. ಮಗು ಹತ್ತನೇ ಕ್ಲಾಸಿಗೆ ಬರುವಾಗ ನನಗೆ ಎಪ್ಪತ್ತೆರಡು."

ನಾನು ಸೆರಗು ಬಿಚ್ಚಿ, ಊದಿ ಕಪ್ಪಾದ ಬೆರಳು ತೋರಿಸಿದೆ. "ಲಿಫ್ಟಿನ ಬಾಗಿಲು. ನೋವಿಗೇ ವಾಂತಿ ಬಂದದ್ದು."

ಅವರು ಬೆರಳನ್ನೇ ನೋಡಿದರು. "ಬೇರೇನೂ ಇಲ್ವಾ?"

"ಬೇರೇನೂ ಇಲ್ಲ. ಮೂಳೆ ಮುರಿದಿದೆ ಅಂತ ಕಾಣ್ತದೆ."

"ಮುರಿದಿದೆಯಾ?" ಅವರು ಎರಡೂ ಕೈ ಎತ್ತಿ ಮುಗಿದರು. "ದೇವರು ದೊಡ್ಡವನು!"